ಹೊಟ್ಟೆಯಲ್ಲಿ ಪಾಠ, ತಲೆಯಲ್ಲಿ ಕಾವಲು

ಮಕ್ಕಳೇ, ಈ ವಾರ ಚೇಳಿನ ಕಥೆ ಹೇಳುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಚೇಳು ಇನ್ನೊಂದು ವಾರ ಕಾಯಲಿ. ನಮ್ಮ ಮನೆಯಲ್ಲೇ ಒಂದು ಪ್ರಶ್ನೆ ಎದ್ದು ಕೂತಿದೆ. ಅದಕ್ಕೆ ಉತ್ತರ ಹೇಳದೆ ಬೇರೆ ಏನು ಬರೆಯಲೂ ನನಗೆ ಕೈ ಓಡುತ್ತಿಲ್ಲ.

ನನ್ನ ತಮ್ಮನಿಗೆ ಮಿದುಳಿನಲ್ಲಿ ಗಡ್ಡೆಯಾಗಿದೆ. ಅದರ ಹೆಸರು ಗ್ಲಯೋಬ್ಲಾಸ್ಟೋಮಾ. ಉಚ್ಚಾರ ಮಾಡಲೂ ಕಷ್ಟ, ವಾಸಿ ಮಾಡಲೂ ಕಷ್ಟ. ಶಸ್ತ್ರಚಿಕಿತ್ಸೆ ಆಗಿದೆ. ಈಗ ಆರು ವಾರಗಳ ವಿಕಿರಣ ಚಿಕಿತ್ಸೆ ನಡೆಯುತ್ತಿದೆ, ಜೊತೆಗೆ ದಿನಕ್ಕೊಂದು ಮಾತ್ರೆ. ಮೂರು ವಾರ ಮುಗಿದಿದೆ, ಮೂರು ವಾರ ಬಾಕಿ ಇದೆ. ಕಳೆದ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಅವನನ್ನು ನೋಡಲು ಹೋಗಿದ್ದೆ. ಅಷ್ಟರಲ್ಲಿ ನಮ್ಮ ನೆಂಟರೊಬ್ಬರು ಒಂದು ಡಬ್ಬಿ ಹಿಡಿದುಕೊಂಡು ಬಂದರು. ಡಬ್ಬಿಯಲ್ಲಿ ಬಿಳಿ ಪುಡಿ. ಜೊತೆಗೆ ಮೊಬೈಲಿನಲ್ಲಿ ಒಂದು ಸಂದೇಶ: ಹೊಟ್ಟೆಯ ಬ್ಯಾಕ್ಟೀರಿಯಾ ಮಿದುಳಿನ ಕ್ಯಾನ್ಸರನ್ನು ಸೋಲಿಸುತ್ತದಂತೆ, ವಿದೇಶದ ವಿಜ್ಞಾನಿಗಳೇ ಕಂಡುಹಿಡಿದಿದ್ದಾರಂತೆ, ವಿಕಿರಣದ ಗೋಜು ಬೇಡವಂತೆ, ಈ ಪುಡಿ ಸಾಕಂತೆ.

ನೆಂಟರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ತಂದಿದ್ದರು. ಆದರೆ ಅವರು ಹೋದ ಮೇಲೆ ತಮ್ಮ ಮೆಲ್ಲಗೆ ಕೇಳಿದ: "ಅಕ್ಕಾ, ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನೀನು. ನಿಜ ಹೇಳು. ದಿನಾ ಆಸ್ಪತ್ರೆಗೆ ಹೋಗಿ ಬರೋದು ಸಾಕಾಗಿದೆ. ಈ ಪುಡಿ ತಿಂದುಕೊಂಡು ಮನೆಯಲ್ಲೇ ಇದ್ದುಬಿಡಲಾ?"

ನಾನು ಬಾಯಿ ತೆರೆಯುವ ಮೊದಲೇ ಏಳನೇ ತರಗತಿಯ ಮೊಮ್ಮಗ ಕೇಳಿದ: "ಅಜ್ಜಿ, ಹೊಟ್ಟೆ ಇಲ್ಲಿದೆ, ಮಿದುಳು ಅಲ್ಲಿದೆ. ಇಲ್ಲಿರೋ ಬ್ಯಾಕ್ಟೀರಿಯಾ ಅಲ್ಲಿಗೆ ಹೋಗಿ ಜಗಳ ಆಡುತ್ತಾ?"

ಸಂದೇಶವೆಲ್ಲ ಶುದ್ಧ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತೊಂದರೆ ಏನೆಂದರೆ, ಅದರಲ್ಲಿ ಅರ್ಧ ನಿಜವಿತ್ತು. ಅರ್ಧ ನಿಜಕ್ಕೆ ಉತ್ತರ ಹೇಳುವುದು ಪೂರ್ತಿ ಸುಳ್ಳಿಗೆ ಉತ್ತರ ಹೇಳಿದಷ್ಟು ಸುಲಭವಲ್ಲ. "ಎರಡು ದಿನ ಕೊಡು, ಓದಿಕೊಂಡು ಹೇಳುತ್ತೇನೆ. ಅಲ್ಲಿಯವರೆಗೆ ಒಂದು ದಿನವೂ ಚಿಕಿತ್ಸೆ ತಪ್ಪಿಸಬೇಡ" ಎಂದು ತಮ್ಮನಿಂದ ಮಾತು ತೆಗೆದುಕೊಂಡು ಬಂದೆ. ಆ ಎರಡು ದಿನದ ಓದೇ ಈ ವಾರದ ಅಂಕಣ. ಅಜ್ಜ ಅಜ್ಜಿಯರೇ, ಸ್ವಲ್ಪ ಉದ್ದವಾಗಿದೆ. ಮಕ್ಕಳಿಗೆ ಎರಡು ಕಂತಿನಲ್ಲಿ ಓದಿ ಹೇಳಿದರೂ ಆದೀತು.

ಗುಲಾಬಿ ಮುಳ್ಳಿನ ಕಥೆ

ಮೊದಲು ಒಂದು ಹಳೆಯ ಕಥೆ. 1882ರ ಚಳಿಗಾಲ. ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರು. ರಷ್ಯಾದಿಂದ ಬಂದು ಅಲ್ಲಿ ಉಳಿದಿದ್ದ ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿಯ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದರು. ಇವರೊಬ್ಬರೇ ಮನೆಯಲ್ಲಿ ಕೂತು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಮರಿಯನ್ನು ನೋಡುತ್ತಿದ್ದರು. ಆ ಮರಿ ಗಾಜಿನ ಹಾಗೆ ಪಾರದರ್ಶಕ. ಒಳಗೆ ಕೆಲವು ಜೀವಕೋಶಗಳು ಅತ್ತಿಂದಿತ್ತ ಓಡಾಡುವುದು ಕಾಣುತ್ತಿತ್ತು.

ಇವು ಕಾವಲುಗಾರರಿರಬಹುದೇ ಎಂಬ ಯೋಚನೆ ಅವರಿಗೆ ಥಟ್ಟನೆ ಹೊಳೆಯಿತು. ತೋಟಕ್ಕೆ ಹೋಗಿ ಗುಲಾಬಿ ಗಿಡದ ಮುಳ್ಳು ಕಿತ್ತು ತಂದು ಆ ಮರಿಯ ಮೈಗೆ ಚುಚ್ಚಿದರು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ, ಓಡಾಡುವ ಕಣಗಳೆಲ್ಲ ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು! ನಮ್ಮ ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಂಡು ಕೀವಾಗುತ್ತದಲ್ಲ, ಅಲ್ಲಿಯೂ ನಡೆಯುವುದು ಇದೇ. ನಮ್ಮ ರಕ್ತದ ಬಿಳಿ ಕಣಗಳು ಅಲ್ಲಿಗೆ ಓಡಿ ಬಂದು, ಒಳಗೆ ನುಗ್ಗಿದ ರೋಗಾಣುಗಳನ್ನು ನುಂಗಿಹಾಕುತ್ತವೆ. ಈ ಶೋಧಕ್ಕಾಗಿ ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ಬಹುಮಾನವನ್ನು ಅವರ ಜೊತೆ ಹಂಚಿಕೊಂಡವರು ಜರ್ಮನಿಯ ಪಾಲ್ ಎರ್ಲಿಚ್. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಇದೇ ಮೆಚ್ನಿಕಾಫ್ ಮುಂದೆ ಮೊಸರಿನ ಹಿಂದೆ ಬಿದ್ದರು. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ವಿಷ ಬಿಡುತ್ತವೆ, ಅದರಿಂದಲೇ ಮುಪ್ಪು ಬರುತ್ತದೆ, ಹುಳಿ ಹಾಲಿನ ಬ್ಯಾಕ್ಟೀರಿಯಾ ಅವನ್ನು ಓಡಿಸುತ್ತದೆ ಎಂಬುದು ಅವರ ನಂಬಿಕೆ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದೇ ಹೆಚ್ಚು ಕಾಲ ಬದುಕುತ್ತಾರೆ ಎಂದು ಬರೆದರು. ತಾವೂ ದಿನಾ ಕುಡಿದರು. ಯುರೋಪಿನಲ್ಲೆಲ್ಲ ಮೊಸರಿನ ಹುಚ್ಚು ಹಬ್ಬಿತು. ಮೊಸರಿನ ಮಾತ್ರೆ, ಮೊಸರಿನ ಪುಡಿ ಮಾರುವ ಅಂಗಡಿಗಳೂ ಹುಟ್ಟಿಕೊಂಡವು. ಮೆಚ್ನಿಕಾಫ್ 1916ರಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ನೋಡಿ, ದೊಡ್ಡ ವಿಜ್ಞಾನಿಯ ಒಂದು ಮಾತು ಪೂರ್ತಿ ನಿಜವಾಯಿತು, ಇನ್ನೊಂದು ಅರ್ಧ ಮಾತ್ರ ನಿಜವಾಯಿತು. ಪುಡಿ ಮಾರುವವರು ಹಿಡಿದುಕೊಂಡದ್ದು ಆ ಅರ್ಧವನ್ನು. ನೂರು ವರ್ಷವಾದರೂ ಡಬ್ಬಿಯ ಕಥೆ ಅದೇ.

ಹೊಟ್ಟೆಯೊಳಗಿನ ಪಾಠಶಾಲೆ

ಇಂದು ನಮಗೆ ಗೊತ್ತಿರುವುದು ಮೆಚ್ನಿಕಾಫ್ ಕಾಲಕ್ಕಿಂತ ಬಹಳ ಹೆಚ್ಚು. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಸ್ವಂತ ಜೀವಕೋಶಗಳೇ ಸುಮಾರು 30 ಲಕ್ಷ ಕೋಟಿ. ಅಂದರೆ ನಮ್ಮ ಮನೆಯಲ್ಲಿ ಮನೆಯವರಷ್ಟೇ ಬಾಡಿಗೆದಾರರೂ ಇದ್ದಾರೆ! ಆದರೆ ಅವು ಎಷ್ಟು ಚಿಕ್ಕವೆಂದರೆ, ಎಲ್ಲವನ್ನೂ ಒಟ್ಟು ಮಾಡಿ ತೂಗಿದರೆ ಸುಮಾರು ಕಾಲು ಕಿಲೋ ಕೂಡ ಆಗುವುದಿಲ್ಲ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ.

ಬಾಡಿಗೆದಾರರು ಬಾಡಿಗೆ ಕೊಡಬೇಕಲ್ಲ? ಕೊಡುತ್ತಾರೆ. ನಾವು ತಿಂದ ರಾಗಿ, ಕಾಳು, ಸೊಪ್ಪು, ಹಣ್ಣುಗಳಲ್ಲಿ ನಾರು ಇರುತ್ತದೆ. ಅದನ್ನು ಅರಗಿಸುವ ಶಕ್ತಿ ನಮಗಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ, ಬ್ಯೂಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅವು ಕರುಳಿನ ಗೋಡೆಗೆ ಆಹಾರವಾಗುತ್ತವೆ. ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ.

ಇದಕ್ಕಿಂತ ದೊಡ್ಡ ಬಾಡಿಗೆ ಇನ್ನೊಂದಿದೆ. ನಮ್ಮ ರೋಗನಿರೋಧಕ ಕಣಗಳ ದೊಡ್ಡ ಪಾಲು ಕರುಳಿನ ಗೋಡೆಯಲ್ಲೇ ನೆಲೆಸಿದೆ. ಅಲ್ಲಿ ಅವು ದಿನವಿಡೀ ಈ ಬ್ಯಾಕ್ಟೀರಿಯಾಗಳನ್ನು ನೋಡುತ್ತ, ಮೂಸುತ್ತ, ಯಾರು ನೆರೆಯವರು, ಯಾರು ಕಳ್ಳರು ಎಂದು ಕಲಿಯುತ್ತವೆ. ಎಲ್ಲರನ್ನೂ ಹೊಡೆದರೆ ಮನೆಯೇ ಹಾಳು. ಯಾರನ್ನೂ ಹೊಡೆಯದಿದ್ದರೆ ರೋಗ ನುಗ್ಗುತ್ತದೆ. ಯಾವಾಗ ಲಾಠಿ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ಪಾಠ ಅಲ್ಲಿ ನಡೆಯುತ್ತದೆ. ಒಂದೂ ಬ್ಯಾಕ್ಟೀರಿಯಾ ಇಲ್ಲದ ಹಾಗೆ ಮುಚ್ಚಿದ ಗೂಡಿನಲ್ಲಿ ಬೆಳೆಸಿದ ಇಲಿಗಳಲ್ಲಿ ಈ ಪಾಠವೇ ಆಗುವುದಿಲ್ಲ. ಅವುಗಳ ರೋಗನಿರೋಧಕ ಅಂಗಗಳು ಸರಿಯಾಗಿ ಬೆಳೆಯುವುದೇ ಇಲ್ಲ.

ಪಾಠ ಕಲಿತ ಕಣಗಳು ಕರುಳಿನಲ್ಲೇ ಕೂರುವುದಿಲ್ಲ. ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಈಗ ಮೊಮ್ಮಗನ ಪ್ರಶ್ನೆಗೆ ಉತ್ತರದ ಮೊದಲ ತುಂಡು ಸಿಕ್ಕಿತು: ಮಿದುಳಿಗೆ ಹೋಗಿ ಜಗಳ ಆಡಬೇಕಾದವು ಬ್ಯಾಕ್ಟೀರಿಯಾಗಳಲ್ಲ. ಅವುಗಳ ಪಾಠಶಾಲೆಯಲ್ಲಿ ಕಲಿತ ಸಿಪಾಯಿಗಳು.

ಕೋಟೆಯ ಬಾಗಿಲು

ಆದರೆ ಮಿದುಳು ಎಂದರೆ ಕೋಟೆ. ಅದರೊಳಗೆ ಕಂಡಕಂಡವರಿಗೆ ಪ್ರವೇಶವಿಲ್ಲ.

ಇದನ್ನು ಮೊದಲು ಕಂಡವರು ನಾನು ಆಗ ಹೇಳಿದ ಪಾಲ್ ಎರ್ಲಿಚ್. 1885ರ ಸುಮಾರಿಗೆ ಅವರು ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದರು. ಎಲ್ಲ ಅಂಗಗಳಿಗೂ ಬಣ್ಣ ಹತ್ತಿತು, ಮಿದುಳಿಗೆ ಮಾತ್ರ ಹತ್ತಲಿಲ್ಲ. ಮಿದುಳಿಗೆ ಬಣ್ಣ ಹೀರುವ ಗುಣವಿಲ್ಲ ಎಂದುಕೊಂಡು ಅವರು ಸುಮ್ಮನಾದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಅದನ್ನೇ ತಿರುವುಮುರುವು ಮಾಡಿದರು. ಬಣ್ಣವನ್ನು ಮಿದುಳಿನ ಸುತ್ತಲಿನ ದ್ರವಕ್ಕೆ ಹಾಕಿದರು. ಈಗ ಮಿದುಳಿಗೆ ಬಣ್ಣ ಹತ್ತಿತು, ಉಳಿದ ಅಂಗಗಳಿಗೆ ಹತ್ತಲಿಲ್ಲ! ಹಾಗಾದರೆ ನಡುವೆ ಒಂದು ಗೋಡೆ ಇರಲೇಬೇಕು. ಅದೇ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಗುರು ಅರ್ಧ ಕಂಡದ್ದನ್ನು ಶಿಷ್ಯ ಪೂರ್ತಿ ಕಂಡ.

ಬಹಳ ಕಾಲ ಎಲ್ಲರೂ ನಂಬಿದ್ದು, ಮೈಯ ಸಿಪಾಯಿಗಳಿಗೂ ಮಿದುಳಿಗೂ ಸಂಬಂಧವೇ ಇಲ್ಲ ಎಂದು. ಮೈಯ ಉಳಿದ ಕಡೆ ಇರುವ ದುಗ್ಧರಸ ನಾಳಗಳು ಮಿದುಳಿಗಿಲ್ಲ ಎಂದು ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ ಇವೆ ಎಂದು ಬರೆದ ಹುಡುಗರಿಗೆ ಅಂಕ ಕಳೆದಿದ್ದೇನೆ. 2015ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರೂ ಫಿನ್ಲೆಂಡಿನ ಹೆಲ್ಸಿಂಕಿಯವರೂ ಮಿದುಳನ್ನು ಸುತ್ತಿರುವ ಪೊರೆಯಲ್ಲಿ ಆ ನಾಳಗಳನ್ನು ತೋರಿಸಿಕೊಟ್ಟರು. ಇನ್ನೂ ತಮಾಷೆ ಕೇಳಿ: ಇಟಲಿಯ ಪಾವ್ಲೊ ಮಸ್ಕಾನಿ ಎಂಬವರು 1787ರಲ್ಲೇ ಇದನ್ನು ಹೇಳಿದ್ದರು. ಯಾರೂ ನಂಬಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಒಂದು ಅಂಕವನ್ನು ಈಗ ವಾಪಸು ಕೊಟ್ಟಿದ್ದೇನೆ ಎಂದು ತಿಳಿಯಿರಿ.

ಮಿದುಳಿನೊಳಗೇ ನೆಲೆಸಿರುವ ಕಾವಲುಗಾರರೂ ಇದ್ದಾರೆ. ಅವರ ಹೆಸರು ಮೈಕ್ರೋಗ್ಲಿಯಾ. ಸ್ಪೇನಿನ ಪಿಯೊ ದೆಲ್ ರಿಯೊ ಓರ್ತೆಗಾ 1919ರಲ್ಲಿ ಇವನ್ನು ಗುರುತಿಸಿದರು. ಜೇಡರ ಕಾಲಿನಂಥ ಕೊಂಬೆ ಚಾಚಿಕೊಂಡು ಇವು ಸದಾ ಗಸ್ತು ತಿರುಗುತ್ತವೆ.

ಈಗ ಎರಡೂ ತುದಿ ಸೇರಿಸೋಣ. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಬ್ಯಾಕ್ಟೀರಿಯಾ ಇಲ್ಲದ ಇಲಿಗಳಲ್ಲಿ ಮಿದುಳಿನ ತಡೆಗೋಡೆ ಸೋರುತ್ತದೆ ಎಂದು ಕಂಡರು. ಆ ಇಲಿಗಳ ಹೊಟ್ಟೆಗೆ ಬ್ಯಾಕ್ಟೀರಿಯಾ ಸೇರಿಸಿದಾಗ ಗೋಡೆ ಬಿಗಿಯಾಯಿತು. 2015ರಲ್ಲಿ ಜರ್ಮನಿಯ ಫ್ರೈಬುರ್ಗ್‌ನವರು, ಅಂಥ ಇಲಿಗಳಲ್ಲಿ ಮೈಕ್ರೋಗ್ಲಿಯಾಗಳು ಬಲಿಯದೆ ಎಳಸಾಗಿಯೇ ಉಳಿಯುತ್ತವೆ ಎಂದು ಕಂಡರು. ನಾರಿನಿಂದ ಬ್ಯಾಕ್ಟೀರಿಯಾ ತಯಾರಿಸುತ್ತದಲ್ಲ, ಆ ಸಣ್ಣ ಕೊಬ್ಬಿನಾಮ್ಲಗಳನ್ನು ಕೊಟ್ಟಾಗ ಅವು ಚೇತರಿಸಿಕೊಂಡವು! ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ನಂಟು ಎನ್ನುತ್ತಾರಲ್ಲ, ಹೊಟ್ಟೆಗೂ ತಲೆಗೂ ಇರುವ ನಂಟು ಅಂಥದು.

ಸಿಪಾಯಿಗಳಿಗೆ ಮಂಕುಬೂದಿ

ಇನ್ನು ಗಡ್ಡೆಯ ವಿಷಯ. ಕ್ಯಾನ್ಸರ್ ಹೊರಗಿನಿಂದ ಬಂದ ಕಳ್ಳನಲ್ಲ, ದಾರಿ ತಪ್ಪಿದ ಮನೆಯ ಮಗ. ನಮ್ಮದೇ ಜೀವಕೋಶ ಲಂಗುಲಗಾಮಿಲ್ಲದೆ ಬೆಳೆಯುವುದು. ಹಾಗಾಗಿ ಸಿಪಾಯಿಗಳಿಗೆ ಅದರ ಗುರುತು ಹಿಡಿಯುವುದು ಕಷ್ಟ. ಗುರುತು ಹಿಡಿದರೂ ಅದಕ್ಕೆ ತಪ್ಪಿಸಿಕೊಳ್ಳುವ ಉಪಾಯ ಗೊತ್ತು. ನಮ್ಮ ಟಿ ಕಣಗಳೆಂಬ ಸಿಪಾಯಿಗಳ ಮೈಮೇಲೆ ಬ್ರೇಕ್ ಇರುತ್ತದೆ. ಅತಿಯಾಗಿ ಹೊಡೆದಾಡದಿರಲಿ ಎಂದು ದೇಹವೇ ಇಟ್ಟಿರುವ ಬ್ರೇಕ್ ಅದು. ಕ್ಯಾನ್ಸರ್ ಹೋಗಿ ಅದನ್ನೇ ಒತ್ತಿ ಹಿಡಿಯುತ್ತದೆ. ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯದಲ್ಲಿ 1992ರಲ್ಲಿ ಪಿಡಿ-1 ಎಂಬ ಬ್ರೇಕ್ ಸಿಕ್ಕಿತು. ಅಮೆರಿಕದ ಜೇಮ್ಸ್ ಆಲಿಸನ್ ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದರು. ಬ್ರೇಕ್ ಬಿಡಿಸುವ ಔಷಧಿಗಳಿಗೆ ದಾರಿ ತೋರಿದ ಇಬ್ಬರಿಗೂ 2018ರ ನೊಬೆಲ್ ಬಂತು.

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ಔಷಧಿಗಳು ಎಷ್ಟೋ ಜನರ ಜೀವ ಉಳಿಸಿವೆ. ಆದರೆ ಗ್ಲಯೋಬ್ಲಾಸ್ಟೋಮಾ ಮರಳಿ ಬಂದ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಗುಂಪಾಗಿ ನೋಡಿದರೆ ಆಯಸ್ಸು ಹೆಚ್ಚಲಿಲ್ಲ. ಏಕೆ? ಈ ಗಡ್ಡೆಯ ಹತ್ತಿರ ಸಿಪಾಯಿಗಳೇ ಕಡಿಮೆ. ಬ್ರೇಕ್ ಬಿಡಿಸಲು ಗಾಡಿಯಾದರೂ ಇರಬೇಕಲ್ಲ! ಈ ರೋಗಿಗಳ ಟಿ ಕಣಗಳು ಎಲುಬಿನ ಮಜ್ಜೆಯಲ್ಲೇ ಸಿಕ್ಕಿಹಾಕಿಕೊಂಡು ಹೊರಬರಲಾರದೆ ಕೂತಿರುತ್ತವೆ ಎಂದು 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ತಲೆಯ ಗಡ್ಡೆ ಅಷ್ಟು ದೂರದ ಎಲುಬಿನವರೆಗೂ ಮಂಕುಬೂದಿ ಎರಚುತ್ತದೆ.

ಹಾಗಾದರೆ ಸಿಪಾಯಿಗಳನ್ನು ಎಚ್ಚರಿಸಲು ಹೊಟ್ಟೆಯ ಪಾಠಶಾಲೆಯಿಂದ ಸಹಾಯ ಸಿಗಬಹುದೇ? ಇಲ್ಲಿಂದ ಮುಂದಿನದು ಹೊಸ ಸಂಶೋಧನೆ. ನೆಂಟರ ಸಂದೇಶ ಹುಟ್ಟಿದ್ದೂ ಇಲ್ಲಿಂದಲೇ.

ಇಟಲಿಯ ರೋಮ್‌ನ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾಗಳನ್ನು ಏರುಪೇರು ಮಾಡಿದಾಗ ಅವುಗಳ ಮಿದುಳಿನ ಗಡ್ಡೆ ಹೆಚ್ಚು ಬೆಳೆಯಿತು. ಗಡ್ಡೆಯನ್ನು ಕಾಯುವ ಕಣಗಳೂ ಮೈಕ್ರೋಗ್ಲಿಯಾಗಳೂ ಬದಲಾಗಿದ್ದವು.

2023ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಿಂದ ಇನ್ನೊಂದು ಸುದ್ದಿ ಬಂತು. ಗ್ಲಯೋಬ್ಲಾಸ್ಟೋಮಾ ಇದ್ದ ಒಬ್ಬ ರೋಗಿಯ ಗಡ್ಡೆಯೊಳಗಿನ ಟಿ ಕಣಗಳನ್ನು ತೆಗೆದು, ನೀವು ಯಾರ ಮುಖ ಗುರುತಿಸುತ್ತೀರಿ ಎಂದು ಪರೀಕ್ಷಿಸಿದರು. ಅವು ಗಡ್ಡೆಯ ಪ್ರೋಟೀನ್ ಚೂರುಗಳನ್ನೂ ಗುರುತಿಸಿದವು, ಕರುಳಿನ ಬ್ಯಾಕ್ಟೀರಿಯಾಗಳ ಪ್ರೋಟೀನ್ ಚೂರುಗಳನ್ನೂ ಗುರುತಿಸಿದವು! ಎರಡರ ಮುಖಚಹರೆಯಲ್ಲಿ ಅಷ್ಟು ಹೋಲಿಕೆ. ಕರುಳಿನ ಒಬ್ಬ ನೆರೆಯವನ ಮುಖ ಕಲಿತ ಸಿಪಾಯಿ, ಅದೇ ಚಹರೆಯ ಕಳ್ಳನನ್ನು ತಲೆಯಲ್ಲಿ ಹಿಡಿಯಬಲ್ಲ ಎಂಬ ಸಾಧ್ಯತೆ ಇದು.

2025ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯವರು ಮತ್ತೊಂದು ಹೆಜ್ಜೆ ಇಟ್ಟರು. ಇಲಿಯ ಮಿದುಳಿನಲ್ಲಿ ಗಡ್ಡೆ ಬೆಳೆದಂತೆ ಅದರ ಕರುಳಿನಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅಂಶ ಕಡಿಮೆಯಾಗಿ, ಬ್ಯಾಕ್ಟೀರಿಯಾಗಳ ಬಳಗವೂ ಕೆಡುತ್ತದೆ ಎಂದು ಕಂಡರು. ಅಂದರೆ ನಂಟು ಒಂದೇ ದಿಕ್ಕಿನದಲ್ಲ. ಹೊಟ್ಟೆ ತಲೆಯನ್ನು ಕಾಯುವ ಹಾಗೆ, ತಲೆಯ ರೋಗ ಹೊಟ್ಟೆಯನ್ನೂ ಕೆಡಿಸುತ್ತದೆ. ಆ ಇಲಿಗಳಿಗೆ ಟ್ರಿಪ್ಟೋಫ್ಯಾನ್ ತಿನ್ನಿಸಿದಾಗ ಬ್ಯಾಕ್ಟೀರಿಯಾಗಳ ವೈವಿಧ್ಯ ಮರಳಿತು, ಟಿ ಕಣಗಳು ಚುರುಕಾದವು, ಬ್ರೇಕ್ ಬಿಡಿಸುವ ಔಷಧಿ ಹೆಚ್ಚು ಚೆನ್ನಾಗಿ ಕೆಲಸ ಮಾಡಿತು.

ಡಬ್ಬಿಗೆ ಉತ್ತರ

ಇಷ್ಟು ಓದಿದ ಮೇಲೆ ನನಗೂ ಒಂದು ಗಳಿಗೆ ಆಸೆ ಹುಟ್ಟಿತು. ಸುಳ್ಳು ಹೇಳುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ತಮ್ಮನಿಗೆ ಫೋನ್ ಮಾಡೋಣ ಎನ್ನಿಸಿತು. ಆಮೇಲೆ ಮೇಷ್ಟ್ರ ಬುದ್ಧಿ ಎಚ್ಚರವಾಯಿತು. ಕಾಗದ ತೆಗೆದುಕೊಂಡು ಮೂರು ಪ್ರಶ್ನೆ ಬರೆದೆ. ಮಕ್ಕಳೇ, ಔಷಧಿಯ ಸುದ್ದಿ ಬಂದಾಗಲೆಲ್ಲ ನೀವೂ ಇದನ್ನು ಕೇಳಿ.

ಒಂದು: ಇದು ಯಾರ ಮೇಲೆ ನಡೆದ ಪ್ರಯೋಗ? ರೋಮ್‌ನದು ಇಲಿ, ಕೊರಿಯಾದ್ದು ಇಲಿ. ಜ್ಯೂರಿಚ್‌ನದು ಮನುಷ್ಯನದೇ, ಆದರೆ ಒಬ್ಬನ ಕಣಗಳ ಪರೀಕ್ಷೆ, ಚಿಕಿತ್ಸೆಯಲ್ಲ. ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಔಷಧಿಗಳಿಗೆ ಲೆಕ್ಕವಿಲ್ಲ.

ಎರಡು: ಕೊಟ್ಟದ್ದು ಏನು? ಕೊರಿಯಾದವರು ಕೊಟ್ಟದ್ದು ಟ್ರಿಪ್ಟೋಫ್ಯಾನ್, ಡಬ್ಬಿಯಲ್ಲಿದ್ದ ಬ್ಯಾಕ್ಟೀರಿಯಾ ಅಲ್ಲ. ಅದೂ ಔಷಧಿಯ ಜೊತೆಗೆ, ಔಷಧಿಯ ಬದಲಿಗಲ್ಲ. ಹಾಗೆಂದು ಟ್ರಿಪ್ಟೋಫ್ಯಾನ್ ಮಾತ್ರೆ ನುಂಗಲು ಹೊರಡಬೇಡಿ. ಅದು ಒಡೆದಾಗ ಬರುವ ಒಂದು ವಸ್ತುವನ್ನು ಈ ಗಡ್ಡೆಗಳು ಸಿಪಾಯಿಗಳನ್ನು ಮಲಗಿಸಲು ಬಳಸಿಕೊಳ್ಳುತ್ತವೆ ಎಂದು 2011ರಲ್ಲೇ ಜರ್ಮನಿಯವರು ತೋರಿಸಿದ್ದಾರೆ. ಎರಡು ಅಲಗಿನ ಕತ್ತಿ ಅದು.

ಮೂರು: ಇದರಿಂದ ಕೆಟ್ಟದ್ದೇನಾದರೂ ಆಗಬಹುದೇ? ಇದಕ್ಕೆ ನನಗೆ ಸಿಕ್ಕಿದ ಉತ್ತರ ಚರ್ಮದ ಕ್ಯಾನ್ಸರಿನದು. 2021ರಲ್ಲಿ ಅಮೆರಿಕದ ವೈದ್ಯರು, ಬ್ರೇಕ್ ಬಿಡಿಸುವ ಔಷಧಿ ಪಡೆಯುತ್ತಿದ್ದ ಮೆಲನೋಮಾ ರೋಗಿಗಳ ಊಟ ವಿಚಾರಿಸಿದರು. ಸಾಕಷ್ಟು ನಾರು ತಿನ್ನುತ್ತಿದ್ದವರಲ್ಲಿ ರೋಗ ಹೆಚ್ಚು ಕಾಲ ಹತೋಟಿಯಲ್ಲಿತ್ತು. ಅಂಗಡಿಯ ಬ್ಯಾಕ್ಟೀರಿಯಾ ಪುಡಿ, ಮಾತ್ರೆ ನುಂಗಿದವರಿಗೆ ಅದರಿಂದ ಲಾಭ ಕಾಣಲಿಲ್ಲ. ನಾರು ತಿಂದು ಪುಡಿ ತಿನ್ನದವರೇ ಎಲ್ಲರಿಗಿಂತ ಚೆನ್ನಾಗಿದ್ದರು. ಇಲಿಗಳಿಗೆ ಅಂಥ ಬ್ಯಾಕ್ಟೀರಿಯಾ ತಿನ್ನಿಸಿದಾಗಲಂತೂ ಔಷಧಿಯ ಕೆಲಸವೇ ಕುಗ್ಗಿತು. ಜೊತೆಗೆ, ಚಿಕಿತ್ಸೆಯಿಂದ ಬಿಳಿ ರಕ್ತಕಣ ಇಳಿದಿರುವ ರೋಗಿಗೆ ಜೀವಂತ ಬ್ಯಾಕ್ಟೀರಿಯಾದ ಪುಡಿಯಿಂದ ಸೋಂಕಿನ ಅಪಾಯವೂ ಇದೆ.

ಇನ್ನು, ಪುಡಿಯ ಸಲುವಾಗಿ ತಮ್ಮ ಬಿಡಬೇಕೆಂದಿದ್ದ ಚಿಕಿತ್ಸೆಯ ಬೆಲೆ ಎಷ್ಟು? 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ವಿಕಿರಣದ ಜೊತೆ ಆ ದಿನದ ಮಾತ್ರೆಯನ್ನು ಸೇರಿಸಿ ನೋಡಿದರು. ಬರೀ ವಿಕಿರಣ ಪಡೆದವರಲ್ಲಿ ಎರಡು ವರ್ಷ ದಾಟಿದವರು 100ಕ್ಕೆ ಸುಮಾರು 10 ಮಂದಿ. ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಸುಮಾರು 26 ಮಂದಿ. ಇದು ಇಲಿಗಳ ಲೆಕ್ಕವಲ್ಲ, ಮನುಷ್ಯರದು. 26 ಎಂಬುದು ದೊಡ್ಡ ಸಂಖ್ಯೆಯಲ್ಲ, ನನಗೆ ಗೊತ್ತು. ಆದರೆ ಕೈಯಲ್ಲಿರುವ ಅವಕಾಶ ಅದು. ಅದನ್ನು ಬಿಟ್ಟು ಡಬ್ಬಿ ಹಿಡಿಯುವುದು ಮೋಡ ನೋಡಿ ಗಡಿಗೆಯ ನೀರು ಚೆಲ್ಲಿದ ಹಾಗೆ.

ಮಂಗಳವಾರ ಹೋಗಿ ತಮ್ಮನಿಗೆ ಇದೆಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಹಾಗಾದರೆ ಆ ಕೊರಿಯಾದವರದು ನನ್ನ ಕಾಲಕ್ಕೆ ಬರೋದಿಲ್ಲ ಅನ್ನು" ಎಂದ.

ನನಗೆ ಸುಳ್ಳು ಹೇಳಲು ಆಗಲಿಲ್ಲ. "ಬರದೇ ಇರಬಹುದು" ಎಂದೆ.

ಮೊಮ್ಮಗ ಪಕ್ಕದಲ್ಲೇ ಇದ್ದ. ಅವನ ಮುಖ ಸಣ್ಣದಾಯಿತು. ಅದನ್ನು ನೋಡಿ ತಮ್ಮನೇ ನಕ್ಕ. "ನನ್ನ ಕಾಲಕ್ಕೆ ಬರದಿದ್ದರೆ ಇವನ ಕಾಲಕ್ಕೆ ಬರಲಿ. ಇನ್ನು ಮೂರು ವಾರ ತಾನೇ, ಹೋಗಿ ಬರುತ್ತೇನೆ" ಎಂದ. ಮರುದಿನ ಆಸ್ಪತ್ರೆಗೆ ಹೋದಾಗ ಡಬ್ಬಿಯನ್ನೂ ಕೊಂಡೊಯ್ದು ವೈದ್ಯರಿಗೆ ತೋರಿಸಿದ. ಅವರು ಬಯ್ಯಲಿಲ್ಲ. ಈಗ ಇದು ಬೇಡ ಎಂದರು. ಮನೆಯ ಊಟದಲ್ಲಿ ಏನು ಇರಲಿ ಎಂಬುದನ್ನು ರಕ್ತಕಣಗಳ ಎಣಿಕೆ ನೋಡಿ ಪ್ರತಿ ವಾರ ಹೇಳುತ್ತೇನೆ ಎಂದರು. ಡಬ್ಬಿ ಈಗ ತೆರೆಯದೇ ಕಪಾಟಿನ ಮೇಲಿದೆ. ತಮ್ಮ ಈ ವಾರ ಒಂದು ದಿನವೂ ಚಿಕಿತ್ಸೆ ತಪ್ಪಿಸಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಮೊಮ್ಮಗ ಕೇಳಿದ: "ಅಜ್ಜಿ, ಇಲಿಯಿಂದ ಮನುಷ್ಯನಿಗೆ ಬರೋಕೆ ಎಷ್ಟು ವರ್ಷ ಬೇಕು?" ಯಾರಾದರೂ ಕೂತು ಕೆಲಸ ಮಾಡುವಷ್ಟು ವರ್ಷ ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಏನು ಯೋಚಿಸಿದನೋ ನಾನು ಕೇಳಲಿಲ್ಲ.

ಈ ವಾರ ಮಾಡಿ ನೋಡಿ

ಅಜ್ಜಿಯ ಜೊತೆ ಸೇರಿ ಎರಡು ಬಟ್ಟಲು ಕಾಯಿಸಿದ ಹಾಲು ತೆಗೆದುಕೊಳ್ಳಿ. ಒಂದು ಉಗುರುಬೆಚ್ಚಗಿರಲಿ. ಇನ್ನೊಂದು ಕುದಿಯುವಷ್ಟು ಬಿಸಿ ಇರಲಿ, ಅದನ್ನು ದೊಡ್ಡವರೇ ಹಿಡಿಯಲಿ. ಎರಡಕ್ಕೂ ಒಂದೊಂದು ಚಮಚ ಹೆಪ್ಪು ಹಾಕಿ, ಮುಚ್ಚಿಡಿ. ಬೆಳಿಗ್ಗೆ ಯಾವುದು ಗಟ್ಟಿ ಮೊಸರಾಯಿತು, ಯಾವುದು ಆಗಲಿಲ್ಲ, ಏಕೆ ಎಂದು ಬರೆದಿಡಿ. ಹೆಪ್ಪಿನಲ್ಲಿರುವುದು ಜೀವಂತ ಬಳಗ ಎಂಬುದು ಅಜ್ಜಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಎರಡನೆಯದು ಒಂದು ಲೆಕ್ಕ. ಒಂದು ವಾರದಲ್ಲಿ ನೀವು ತಿಂದ ಬೇರೆ ಬೇರೆ ಕಾಳು, ಸೊಪ್ಪು, ತರಕಾರಿ, ಹಣ್ಣು, ಧಾನ್ಯಗಳ ಹೆಸರು ಬರೆಯಿರಿ. ಹುರುಳಿ, ಅವರೆ, ಹೆಸರುಕಾಳು, ದಂಟಿನ ಸೊಪ್ಪು, ರಾಗಿ, ಜೋಳ, ಸೀಬೆಹಣ್ಣು ಎಲ್ಲವೂ ಸೇರಲಿ. ಪಟ್ಟಿ ಉದ್ದವಾದಷ್ಟೂ ನಿಮ್ಮ ಬಾಡಿಗೆದಾರರಿಗೆ ಖುಷಿ. ಇದು ಕ್ಯಾನ್ಸರ್ ಓಡಿಸುವ ಮಂತ್ರವಲ್ಲ, ಒಳ್ಳೆಯ ಊಟ ಅಷ್ಟೇ.

ಒಂದು ಎಚ್ಚರಿಕೆ. ಆಂಟಿಬಯೋಟಿಕ್ ಇಲಿಗಳಿಗೆ ಏನು ಮಾಡಿತು ಎಂದು ಓದಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಸುಮ್ಮಸುಮ್ಮನೆ ಅಂಗಡಿಯಿಂದ ತಂದು ನುಂಗಲೂಬೇಡಿ. ಎರಡೂ ತಪ್ಪು.

ಮುಂದಿನ ವಾರ ಖಂಡಿತ ಚೇಳು. ನೇರಳಾತೀತ ಬೆಳಕು ಬಿಟ್ಟರೆ ಅದು ಕತ್ತಲಲ್ಲಿ ಹಸಿರು ನೀಲಿಯಾಗಿ ಹೊಳೆಯುತ್ತದೆ ಗೊತ್ತಾ? ಏಕೆ ಎಂದು ಯೋಚಿಸುತ್ತಿರಿ.